ಮಳೆಗಾಲದ 300 ಕಿ.ಮೀ. ತಯಾರಿ: ಬಟ್ಟೆ ಮತ್ತು ಬುತ್ತಿ, ಇಲ್ಲಿವರೆಗೆ

ಸೆಪ್ಟೆಂಬರ್‌ನಲ್ಲಿ 300 ಕಿ.ಮೀ. ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಬೇಕೆಂದು ಜೂನ್‌ನಿಂದ ಸೈಕಲ್ ತುಳಿಯುತ್ತಿದ್ದೇನೆ. ಅದಕ್ಕೆ ಸಿಗುವ ಸಮಯ 20 ಗಂಟೆ. ಅಭ್ಯಾಸದ ದಾರಿ ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಕೊಪ್ಪ, ಮತ್ತೆ ತೀರ್ಥಹಳ್ಳಿ. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಆಗುಂಬೆಯಲ್ಲಿ ಒದ್ದೆಯಾಗದೆ ಇರುತ್ತೇನೆ ಅನ್ನುವುದು ಆಗದ ಮಾತು. ಹಾಗಾಗಿ ನೆನೆದ ಮೇಲೂ ಬೆಚ್ಚಗಿರುವುದು ಹೇಗೆ ಅನ್ನುವುದರ ಮೇಲಷ್ಟೇ ಗಮನ.

ಮೊದಲು ಬನಿಯನ್. ಹತ್ತಿಯದನ್ನು ಪೂರ್ತಿ ಬಿಟ್ಟಿದ್ದೇನೆ. ಹತ್ತಿ ನೀರು ಹಿಡಿದುಕೊಂಡು ಮೈಗೆ ಅಂಟುತ್ತದೆ, ಗಾಳಿ ತಾಗಿದಾಗ ಆ ನೀರು ಆರುತ್ತಾ ಮೈಯ ಬಿಸಿ ಎಳೆಯುತ್ತದೆ. ಒಂದು ಲೋಟ, ಅಂದರೆ 200 ಗ್ರಾಂ ನೀರು ಆವಿಯಾಗಲು ಸುಮಾರು 115 ಕಿಲೋ ಕ್ಯಾಲೊರಿ ಬೇಕು. ಹೆಚ್ಚುಕಡಿಮೆ ಒಂದು ಚಪಾತಿಯಿಂದ ಸಿಗುವಷ್ಟು! ಈಗ ಹಾಕುವುದು ತೆಳುವಾದ ಮೆರಿನೊ ಉಣ್ಣೆಯ ಬನಿಯನ್. ಉಣ್ಣೆ ನೆನೆದರೂ ಎಳೆಗಳ ನಡುವೆ ಗಾಳಿ ಉಳಿಯುತ್ತದೆ, ಅದರಿಂದಲೇ ಬಿಸಿ ನಿಲ್ಲುವುದು. ನಮ್ಮ ಕಡೆ ಗದ್ದೆ ಕೆಲಸಕ್ಕೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದವರಿಗೆ ಇದು ಮೊದಲೇ ಗೊತ್ತಿತ್ತು ಅಲ್ವಾ?

ಮೇಲಿನ ಜಾಕೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದುಬಾರಿಯದೂ ಈ ಮಳೆಗೆ ಒಂದೆರಡು ಗಂಟೆಯಲ್ಲಿ ಸೋಲುತ್ತದೆ. ಗಾಳಿ ತಡೆದರೆ ಸಾಕು. ಕುತ್ತಿಗೆಯ ಜಿಪ್ ಸಲೀಸಾಗಿ ತೆರೆಯಬೇಕು. ಏರುವಾಗ ಬೆವರು ಒಳಗೇ ನಿಂತರೆ ಮಳೆಯಿಲ್ಲದೆಯೂ ನೆನೆಯುತ್ತೇವೆ.

ಜಾಸ್ತಿ ತಲೆಕೆಡಿಸಿದ್ದು ಕೈ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ತಿರುವುಗಳಲ್ಲಿ ಪೆಡಲ್ ತುಳಿಯುವ ಕೆಲಸವಿಲ್ಲ, ಮೈ ಬಿಸಿಯಾಗುವುದಿಲ್ಲ, ಗಾಳಿ ಮಾತ್ರ ನೇರ ಬೆರಳಿಗೇ ಹೊಡೆಯುತ್ತದೆ. ಹೊರಗೆ 20 ಡಿಗ್ರಿ ಇದ್ದರೂ ಬೆರಳು ಮರಗಟ್ಟಿ ಬ್ರೇಕ್ ಎಷ್ಟು ಹಿಡಿದಿದ್ದೇನೆ ಅನ್ನುವುದೇ ತಿಳಿಯದಂತಾಗುತ್ತದೆ. ಇದಕ್ಕೆ ಸಿಕ್ಕ ದಾರಿ: ಒಳಗೆ ತೆಳು ಉಣ್ಣೆಯ ಗ್ಲೌಸ್, ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್, ಒಂದು ಸೈಜ್ ದೊಡ್ಡದು. ಬಿಗಿಯಾದರೆ ರಕ್ತ ಓಡಾಡುವುದಿಲ್ಲ, ಮತ್ತೆ ಅದೇ ಚಳಿ. ರಬ್ಬರಿನ ತುದಿ ಜಾಕೆಟ್ ತೋಳಿನ ಒಳಗೆ ಹೋಗಬೇಕು, ಇಲ್ಲದಿದ್ದರೆ ತೋಳಿನಿಂದ ಇಳಿದ ನೀರು ಗ್ಲೌಸಿನೊಳಗೇ ಶೇಖರವಾಗುತ್ತದೆ. ಕಳೆದ ವಾರ ಈ ಜೋಡಿಯಲ್ಲಿ ಘಾಟಿ ಇಳಿದೆ. ಕೊನೆಯ ತಿರುವಿನವರೆಗೂ ಹತ್ತು ಬೆರಳೂ ಮಾತು ಕೇಳಿದವು. ಈ ಮಳೆಗಾಲದಲ್ಲಿ ಅಷ್ಟು ಖುಷಿ ಕೊಟ್ಟದ್ದು ಬೇರೆ ಯಾವುದೂ ಇಲ್ಲ.

ಎದೆಗೆ ಹಳೇ ಉಪಾಯವೇ. ಇಳಿಜಾರು ಶುರುವಾಗುವ ಮುಂಚೆ ಜಾಕೆಟ್ ಒಳಗೆ ನ್ಯೂಸ್‌ಪೇಪರ್. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಒಣಗಿದ ಹಾಗೇ ಇಟ್ಟುಕೊಂಡಿರುತ್ತೇನೆ. ಮನೆಗೆ ಬಂದ ಮೇಲೆ ಬೇರೆ ಪೇಪರ್ ಮುದ್ದೆ ಮಾಡಿ ಶೂ ಒಳಗೆ ತುರುಕಿದರೆ ಬೆಳಿಗ್ಗೆಗೆ ಅರ್ಧ ಒಣಗಿರುತ್ತದೆ.

ಇನ್ನು ಬುತ್ತಿ. ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಗ್ಲೌಸ್ ತೆಗೆಯುವ ಬೇಸರಕ್ಕೆ ತಿನ್ನುವುದೂ ಮುಂದೆ ಹೋಗುತ್ತದೆ. ಅದಕ್ಕೇ ಮೊಬೈಲಿನಲ್ಲಿ 30 ನಿಮಿಷಕ್ಕೊಮ್ಮೆ ಅಲಾರಂ. ಬಡಿದಾಗೆಲ್ಲ ಎರಡು ಗುಟುಕು ನೀರು, ಒಂದು ತುತ್ತು ಏನಾದರೂ. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ. ಬೀಜ ತೆಗೆದ ಖರ್ಜೂರ, ಏಲಕ್ಕಿ ಬಾಳೆ, ಚಿಕ್ಕ ಬಾಟಲಿಯಲ್ಲಿ ಉಪ್ಪು ಬೆರೆಸಿದ ಜೋನಿಬೆಲ್ಲ. ಜೋನಿಬೆಲ್ಲದ್ದು ದೊಡ್ಡ ಅನುಕೂಲ: ಗ್ಲೌಸ್ ತೆಗೆಯಬೇಕಿಲ್ಲ, ಮುಚ್ಚಳವನ್ನು ಹಲ್ಲಿನಲ್ಲಿ ಎಳೆದು ಹಿಂಡಿದರಾಯಿತು. ಚಿಕ್ಕಿ ರುಚಿಯೇನೋ ಹೌದು, ಆದರೆ ಏದುಸಿರಿನಲ್ಲಿ ಅಗಿಯುವುದು ಕಷ್ಟ, ಈ ಹವೆಗೆ ಅಂಟಂಟಾಗುತ್ತದೆ ಬೇರೆ. ಅದನ್ನು ನಿಂತಾಗ ತಿನ್ನುವುದಕ್ಕೆ ಇಟ್ಟಿದ್ದೇನೆ.

ಸಣ್ಣ ಫ್ಲಾಸ್ಕಿನಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸಿನ ಕಷಾಯ, ಬೆಲ್ಲ ಮುಂದಾಗಿ. ಒಂದು ಲೋಟ ಬಿಸಿನೀರು ಮೈಯನ್ನೇನೂ ಬಹಳ ಬಿಸಿ ಮಾಡುವುದಿಲ್ಲ, ಶಕ್ತಿ ಕೊಡುವುದು ಬೆಲ್ಲವೇ. ಆದರೂ ಶೃಂಗೇರಿಯಲ್ಲಿ ನಿಂತು ಅದನ್ನು ಕುಡಿದರೆ ಕೊಪ್ಪದವರೆಗೆ ತುಳಿಯುವ ಮನಸ್ಸು ಬರುತ್ತದೆ. ನಿಲ್ಲುವುದು ಹತ್ತೇ ನಿಮಿಷ. ಅದಕ್ಕಿಂತ ಜಾಸ್ತಿಯಾದರೆ ನಡುಕ ಶುರು.

ಕಾಲಿನದ್ದು ಇನ್ನೂ ಬಗೆಹರಿದಿಲ್ಲ. ಉಣ್ಣೆ ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿದರೆ ಬೆಚ್ಚಗಿರುತ್ತದೆ, ಆದರೆ ನಾಲ್ಕು ಗಂಟೆಯಾಗುವಷ್ಟರಲ್ಲಿ ಚರ್ಮ ಬೆಳ್ಳಗೆ ಸುಕ್ಕಾಗುತ್ತದೆ. ಮುಂದಿನ ಭಾನುವಾರ ಪಾದಕ್ಕೆ ವ್ಯಾಸಲೀನ್ ಹಚ್ಚಿ, ಕವರನ್ನು ಬೆರಳಿನ ಭಾಗಕ್ಕೆ ಮಾತ್ರ ಹಾಕಿ ನೋಡುತ್ತೇನೆ. ಶೃಂಗೇರಿಯಲ್ಲಿ ಬದಲಿಸಲು ಇನ್ನೊಂದು ಜೊತೆ ಕಾಲುಚೀಲವೂ ಬ್ಯಾಗಿಗೆ ಹೋಗುತ್ತದೆ.