ಬಿದ್ದವನ ಕೈಗೇ ಮತ್ತೆ ಕುರಿಗಳು

ಈಸ್ಟರ್ ಭಾನುವಾರದ ಆರಾಧನೆ ಮುಗೀತು ಅಂದ್ರೆ ಹಬ್ಬನೂ ಮುಗೀತು ಅಂತ ಅಂದ್ಕೊಂಡುಬಿಡ್ತೀವಿ, ಆದ್ರೆ ಸುವಾರ್ತೆಲಿ ಯೇಸುಸ್ವಾಮಿಯ ಶಿಷ್ಯ ಪೇತ್ರನ ವಿಷಯ ಆಗಿನ್ನೂ ಇತ್ಯರ್ಥ ಆಗಿರಲ್ಲ. ಸಮಾಧಿ ಖಾಲಿ ಆಯ್ತು, ಸ್ವಾಮಿ ಎದ್ದು ಬಂದ್ರು, ಎಲ್ಲಾ ಸರಿ, ಆದ್ರೆ ಸ್ವಾಮಿಯನ್ನ ಹಿಡಿದ ಆ ರಾತ್ರಿ ಪೇತ್ರ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸ್ಕೊಳ್ತಾ ನಿಂತು, ಆ ಮನುಷ್ಯ ಯಾರೋ ನಂಗೆ ಗೊತ್ತೇ ಇಲ್ಲ ಅಂತ ಮೂರು ಸಲ, ಆಣೆನೂ ಇಟ್ಟು ಹೇಳಿದ್ನಲ್ಲ, ಅದರ ಕಥೆ ಏನು?

ಲೂಕ 22ನೇ ಅಧ್ಯಾಯ ತೆಗೆದು ನೋಡಿ. ಪೇತ್ರ ಬೀಳೋದಕ್ಕೆ ಮುಂಚೆನೇ ಅವನಿಗೋಸ್ಕರ ಪ್ರಾರ್ಥನೆ ಆಗಿಹೋಗಿತ್ತು. ನಿನ್ನ ನಂಬಿಕೆ ಕುಂದಿಹೋಗಬಾರದು ಅಂತ ಬೇಡ್ಕೊಂಡಿದ್ದೀನಿ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನ ಬಲಪಡಿಸು ಅಂತಾರೆ ಯೇಸುಸ್ವಾಮಿ. ಬೀಳ್ತಾನೆ ಅಂತ ಗೊತ್ತಿತ್ತು, ವಾಪಸ್ ಬರ್ತಾನೆ ಅಂತಾನೂ ಗೊತ್ತಿತ್ತು, ಬಂದ ಮೇಲೆ ಅವನು ಮಾಡಬೇಕಾದ ಕೆಲಸನೂ ಆಗ್ಲೇ ಹೇಳಿ ಇಟ್ಟಿದ್ರು. ನಂಗೆ ಇಡೀ ಪುನರುತ್ಥಾನದ ಹಬ್ಬದಲ್ಲಿ ತುಂಬಾ ಧೈರ್ಯ ಕೊಡೋ ಮಾತು ಇದೇ.

ಆಮೇಲೆ ಯೋಹಾನ 21. ತಿಬೇರಿಯ ಸಮುದ್ರದಲ್ಲಿ ರಾತ್ರಿ ಪೂರ್ತಿ ಬಲೆ ಹಾಕಿದ್ರೂ ಒಂದು ಮೀನೂ ಇಲ್ಲ, ಬೆಳಕು ಹರಿಯೋ ಹೊತ್ತಿಗೆ ದಡದಲ್ಲಿ ನಿಂತವರು ಹೇಳಿದ ಕಡೆ ಬೀಸಿದ್ರೆ 153 ದೊಡ್ಡ ಮೀನು, ಪೇತ್ರ ಬಟ್ಟೆ ಸುತ್ಕೊಂಡು ನೀರಿಗೆ ಹಾರೇಬಿಟ್ಟ. ದಡದಲ್ಲಿ ಕೆಂಡ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಆ ಅಂಗಳದಲ್ಲಿ ಉರೀತಿದ್ದದ್ದೂ ಇದ್ದಿಲ ಬೆಂಕಿನೇ, ಯೋಹಾನ ಎರಡು ಕಡೆನೂ ಅದನ್ನ ಬಿಡದೆ ಬರೀತಾನೆ. ಆ ಹೊಗೆ ಮೂಗಿಗೆ ಬಡಿದಾಗ ಪೇತ್ರನ ಎದೆ ಧಸಕ್ ಅಂದಿರಬೇಕು ಅಂತ ನಂಗನ್ಸುತ್ತೆ. ಆದ್ರೆ ಸ್ವಾಮಿ ಬಾಯಿಂದ ಬಂದ ಮಾತು, ಬನ್ನಿ, ಊಟ ಮಾಡಿ. ಕೈಯಾರೆ ಬಡಿಸಿದ್ರು. ಪ್ರಶ್ನೆ ಎಲ್ಲಾ ಊಟ ಆದ ಮೇಲೆ.

ಆ ಪ್ರಶ್ನೆನೂ ನೋಡಿ, ಯಾಕೆ ಹಾಗ್ಮಾಡ್ದೆ ಅಂತಲ್ಲ, ಇನ್ಮೇಲೆ ಮಾಡಲ್ಲ ಅಂತ ಮಾತು ಕೊಡು ಅಂತಾನೂ ಅಲ್ಲ. ನನ್ನ ಮೇಲೆ ಪ್ರೀತಿ ಇದೆಯಾ, ಅಷ್ಟೇ. ಮೂರನೇ ಸಲ ಕೇಳಿದಾಗ ಪೇತ್ರನಿಗೆ ನೋವಾಯ್ತು ಅಂತ ಬರೆದಿದೆ, ಗಾಯ ತೊಳೆಯುವಾಗ ಉರಿ ಆಗದೆ ಇರಲ್ಲ. ಪ್ರತಿ ಉತ್ತರಕ್ಕೂ ಸಿಕ್ಕಿದ್ದು ಕೆಲಸ: ನನ್ನ ಕುರಿಗಳನ್ನ ಮೇಯಿಸು, ಅಂದ್ರೆ ನನ್ನ ಜನರನ್ನ ನೋಡ್ಕೋ. ಬರೀ ತಪ್ಪು ಅಳಿಸಿ ಕಳಿಸ್ಲಿಲ್ಲ, ನಂಬಿಕೆ ಇಟ್ಟು ಜವಾಬ್ದಾರಿನೂ ಕೊಟ್ರು. ಮುಂದೆ ಅಂತಿಯೋಕ್ಯ ಪಟ್ಟಣದಲ್ಲಿ ಇದೇ ಪೇತ್ರ ಜನಕ್ಕೆ ಹೆದರಿ ಮತ್ತೆ ಎಡವಿದ, ಅಪೊಸ್ತಲ ಪೌಲ ಮುಖಕ್ಕೆ ಮುಖ ಕೊಟ್ಟು ಖಂಡಿಸಿದ, ಆದ್ರೂ ಆ ಕರೆ ಅವನಿಂದ ವಾಪಸ್ ಹೋಗ್ಲಿಲ್ಲ.

ನಾವು ಸಭೆಯಲ್ಲಿ ಕ್ಷಮಾಪಣೆ ಬಗ್ಗೆ ಚೆನ್ನಾಗಿ ಹಾಡ್ತೀವಿ, ಆದ್ರೆ ಬಿದ್ದು ವಾಪಸ್ ಬಂದವರು ಹಿಂದಿನ ಬೆಂಚಲ್ಲಿ ಕೂತು, ಕಡೇ ಹಾಡು ಮುಗಿಯೋ ಮುಂಚೆನೇ ಎದ್ದು ಹೋಗ್ತಿರ್ತಾರೆ, ಯಾರೂ ಹೋಗಿ ಮಾತಾಡ್ಸಲ್ಲ. ಬೇರೆಯವರಿಗೆ ಹಾನಿ ಮಾಡಿದವರನ್ನ ಮಾರನೇ ದಿನನೇ ಅದೇ ಸ್ಥಾನದಲ್ಲಿ ಕೂರಿಸಿ ಅಂತ ನಾನು ಹೇಳ್ತಿಲ್ಲ, ನೊಂದವರ ರಕ್ಷಣೆ ಮೊದಲು, ಅದರಲ್ಲಿ ರಾಜಿ ಇಲ್ಲ. ಆದ್ರೆ ಜೊತೇಲಿ ಕೂತು ಊಟ ಮಾಡೋದಕ್ಕೂ ವರ್ಷಗಟ್ಟಲೆ ಕಾಯಿಸ್ಬೇಕಾ?

ಪೌಲ, ಬಾರ್ನಬ ಜೊತೆ ಸುವಾರ್ತೆ ಸೇವೆಗೆ ಹೊರಟಿದ್ದ ಯೋಹಾನ ಮಾರ್ಕ ಅನ್ನೋನನ್ನ ನೆನೆಸ್ಕೊಳ್ಳಿ. ಪಂಫುಲ್ಯದಲ್ಲಿ ಸೇವೆ ಅರ್ಧಕ್ಕೇ ಬಿಟ್ಟು ಯೆರೂಸಲೇಮಿಗೆ ಹೋದವನು, ಮುಂದಿನ ಪ್ರಯಾಣಕ್ಕೆ ಇವನು ಬೇಡ ಅಂತ ಪೌಲ ಪಟ್ಟು ಹಿಡಿದ, ಬಾರ್ನಬ ಬಿಡ್ಲಿಲ್ಲ, ಜಗಳ ಆಗಿ ಇಬ್ರೂ ಬೇರೆ ಆದ್ರು, ಬಾರ್ನಬ ಮಾರ್ಕನನ್ನ ಕರ್ಕೊಂಡು ಹಡಗು ಹತ್ತಿ ಸೈಪ್ರಸ್‌ಗೆ ಹೊರಟ. ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ, ಸೆರೆಯಲ್ಲಿರೋ ಅದೇ ಪೌಲ, ಬರುವಾಗ ಮಾರ್ಕನನ್ನ ಕರ್ಕೊಂಡು ಬಾ, ಅವನು ನಂಗೆ ಸೇವೆಗೆ ಉಪಯೋಗ ಆಗ್ತಾನೆ ಅಂತಾನೆ. ಪೇತ್ರನೂ ತನ್ನ ಪತ್ರದ ಕೊನೇಲಿ ಮಾರ್ಕನನ್ನ ನನ್ನ ಮಗ ಅಂತಾನೇ ಕರೀತಾನೆ.

ಇದನ್ನ ಓದ್ತಾ ಇರುವಾಗ ನಿಮಗೆ ಯಾರದ್ದೋ ಹೆಸರು ನೆನಪಿಗೆ ಬಂದಿದ್ರೆ, ಅವರಿಗೋಸ್ಕರ ಪ್ರಾರ್ಥನೆ ಮಾಡಿ, ಫೋನೂ ಮಾಡಿ, ಈ ವಾರ ಊಟಕ್ಕೆ ಕರೀರಿ.