ಪುಟ್ಟ ಗೆಲಾಕ್ಸಿಗೆ ದೊಡ್ಡವರ ಅಳತೆಗೋಲು
16 ನವೆಂಬರ್ 2023

ಇವತ್ತಿನ ಕಡತ ಎಸ್‌ಬಿಎಸ್ 0335-052ಇ. ಎರಿಡನಸ್ ನಕ್ಷತ್ರಪುಂಜದ ದಿಕ್ಕಿನಲ್ಲಿ, ಸುಮಾರು 17 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಕುಬ್ಜ ಗೆಲಾಕ್ಸಿ. ಅದರ ಅನಿಲದಲ್ಲಿ ಆಮ್ಲಜನಕದ ಪ್ರಮಾಣ ಸೂರ್ಯನಲ್ಲಿರುವುದರ ಇಪ್ಪತ್ತೈದನೇ ಒಂದು ಪಾಲಿನ ಆಸುಪಾಸು. ಲೋಹಾಂಶವೇ (ಖಗೋಳದವರಿಗೆ ಜಲಜನಕ, ಹೀಲಿಯಂ ಬಿಟ್ಟದ್ದೆಲ್ಲ ಲೋಹ) ಇಷ್ಟು ಕಡಿಮೆಯಾದ ಮೇಲೆ ದೂಳೆಲ್ಲಿ, ಇನ್‌ಫ್ರಾರೆಡ್ ಬೆಳಕೆಲ್ಲಿ ಅನ್ನಿಸಬಹುದು. ದೂಳು ಕಡಿಮೆಯೇ, ಆದರೆ ಇರುವಷ್ಟು ದೂಳು ಎಳೆಯ ನಕ್ಷತ್ರಗುಚ್ಛಗಳಿಗೆ ಅಂಟಿಕೊಂಡೇ ಇದೆ. ಹಾಗಾಗಿ ಬಿಸಿ. ಬಿಸಿ ಅಂದರೆ ನಮ್ಮ ಲೆಕ್ಕದ ಬಿಸಿಯಲ್ಲ, ನೂರು ಕೆಲ್ವಿನ್ ಆಸುಪಾಸು. ಸೊನ್ನೆಗಿಂತ 170 ಡಿಗ್ರಿ ಕೆಳಗೆ! ಆಕಾಶಗಂಗೆಯ ದೂಳು 20 ಕೆಲ್ವಿನ್ ಹತ್ತಿರ ಇರುತ್ತದೆ. ಸಾಮಾನ್ಯ ಗೆಲಾಕ್ಸಿಯ ಇನ್‌ಫ್ರಾರೆಡ್ ರೋಹಿತ 100 ಮೈಕ್ರಾನ್ ತರಂಗಾಂತರದ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಚೀಚೆ ಶಿಖರ ಮುಟ್ಟಿದರೆ, ಇದರದು 28 ಮೈಕ್ರಾನ್‌ನಲ್ಲೇ ಮುಟ್ಟಿ ಇಳಿಯುತ್ತದೆ.

ದೊಡ್ಡ ಗೆಲಾಕ್ಸಿಗಳಿಗೆಂದು ರೂಢಿಯಾದ ಲೆಕ್ಕಗಳು ಇಲ್ಲಿ ಎಡವುತ್ತವೆ. ಮೊದಲ ಎಡವಟ್ಟು ಇನ್‌ಫ್ರಾರೆಡ್ ಬಾಹ್ಯಾಕಾಶ ದೂರದರ್ಶಕ ಸ್ಪಿಟ್ಜರ್‌ನ 8 ಮೈಕ್ರಾನ್ ಚಿತ್ರದಲ್ಲಿ. ನಕ್ಷತ್ರಗಳ ಬೆಳಕನ್ನು ಕಳೆಯಲು 3.6 ಮೈಕ್ರಾನ್ ಫ್ಲಕ್ಸನ್ನು (ನಮಗೆ ತಲುಪುವ ಬೆಳಕಿನ ಪ್ರಮಾಣ) 0.232ರಿಂದ ಗುಣಿಸಿ ತೆಗೆಯುವುದು ರೂಢಿ. 3.6ರಲ್ಲಿ ಇರುವುದೆಲ್ಲ ನಕ್ಷತ್ರದ ಬೆಳಕೇ ಎಂಬ ನಂಬಿಕೆ ಅದರ ಬುಡ. ಇಲ್ಲಿ ಅಯಾನೀಕೃತ ಅನಿಲದ ಸ್ವಂತ ಬೆಳಕೂ ಬಿಸಿ ದೂಳಿನದೂ ಅದೇ ಚಾನೆಲ್‌ಗೆ ನುಗ್ಗಿರುತ್ತವೆ. ಕಳೆದರೆ ಬೇಕಾದದ್ದಕ್ಕಿಂತ ಹೆಚ್ಚು ಕಳೆದಂತೆ. 4.5ಕ್ಕೆ ಜಿಗಿದರೂ ಪಾರಾಗಲಾಗದು, 4.05 ಮೈಕ್ರಾನ್‌ನ ಜಲಜನಕದ ಬ್ರಾಕೆಟ್ ಆಲ್ಫಾ ರೇಖೆ ಅಲ್ಲಿ ಕಾದು ಕೂತಿದೆ.

ಉಳಿದ 8 ಮೈಕ್ರಾನ್ ಬೆಳಕನ್ನು ಪಿಎಎಚ್ ಎಂಬ ಇಂಗಾಲದ ಅಣುಗಳದ್ದು ಎಂದು ಬರೆದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಬೆಂಜೀನ್ ಉಂಗುರಗಳು ಹೆಣೆದುಕೊಂಡ ಆ ಅಣುಗಳ ಗುರುತು 6.2, 7.7, 11.3 ಮೈಕ್ರಾನ್‌ಗಳ ಉಬ್ಬುಗಳು. ಸ್ಪಿಟ್ಜರ್ ರೋಹಿತದಲ್ಲಿ ಅವು ಕಾಣಿಸವು. ನುಣುಪಾಗಿ ಏರುವ ಗೆರೆ, 9.7ರಲ್ಲಿ ಸಿಲಿಕೇಟ್ ದೂಳು ಹೀರಿದ ತಗ್ಗು, ಅಷ್ಟೇ. ಫಿಲ್ಟರ್ ಒಂದನ್ನೇ ನಂಬಿದರೆ ಇದು ಗೊತ್ತೇ ಆಗುವುದಿಲ್ಲ.

ಇನ್ನೊಂದು ಬಾಹ್ಯಾಕಾಶ ದೂರದರ್ಶಕ ಹರ್ಷೆಲ್‌ನ ದತ್ತಾಂಶದಲ್ಲಿ ಎರಡು ಎಚ್ಚರ. ಕುಬ್ಜ ಗೆಲಾಕ್ಸಿಗಳಲ್ಲಿ 88 ಮೈಕ್ರಾನ್‌ನ ಆಮ್ಲಜನಕ ರೇಖೆ ಬಲು ಪ್ರಖರ, ಅದು ಬೀಳುವುದು 100 ಮೈಕ್ರಾನ್ ಫಿಲ್ಟರ್‌ನೊಳಗೇ. ರೇಖೆಯ ಪಾಲನ್ನು ಕಳೆಯದೆ ವಕ್ರರೇಖೆ ಹೊಂದಿಸಿದರೆ ಅದನ್ನೂ ದೂಳಿನ ಖಾತೆಗೆ ಜಮಾ ಮಾಡಿದಂತೆ. ಇನ್ನು 500 ಮೈಕ್ರಾನ್‌ನಲ್ಲಿ ದೂರದರ್ಶಕದ ಬೀಮ್, ಅಂದರೆ ಅದು ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಜಾಗ, 36 ಆರ್ಕ್‌ಸೆಕೆಂಡ್ ಅಗಲ. ಈ ಗೆಲಾಕ್ಸಿಯ ಆರು ಮುಖ್ಯ ನಕ್ಷತ್ರಗುಚ್ಛಗಳು 2 ಆರ್ಕ್‌ಸೆಕೆಂಡ್‌ನೊಳಗೇ ಕಿಕ್ಕಿರಿದಿವೆ. ಆ ಬೀಮಿನೊಳಗೆ ಹಿನ್ನೆಲೆಯ ಬೇರೆ ಗೆಲಾಕ್ಸಿಯೊಂದು ನುಸುಳಿದರೆ ತಣ್ಣನೆಯ ದೂಳು ಸಿಕ್ಕಿತೆಂದು ಹಿಗ್ಗಬೇಕಾದೀತು.

ಒಂದೇ ಉಷ್ಣತೆಯ ಮಾದರಿ ಹೊಂದಿಸುವಾಗ 24 ಮೈಕ್ರಾನ್ ಬಿಂದುವನ್ನು ಹೊರಗಿಡುವುದೇ ಲೇಸು. ಸೇರಿಸಿದರೆ ಉಷ್ಣತೆ ಮೇಲೇರಿ, ದೂಳಿನ ರಾಶಿ ಸುಳ್ಳೇ ಕುಗ್ಗುತ್ತದೆ. ನಕ್ಷತ್ರ ಹುಟ್ಟುವ ವೇಗಕ್ಕೂ 24 ಒಂದನ್ನೇ ಹಿಡಿಯಬಾರದು: ಬಹುತೇಕ ಕುಬ್ಜಗಳಲ್ಲಿ ನೇರಳಾತೀತ ಬೆಳಕು ದೂಳಿಗೆ ಸಿಗದೆ ಹೊರಬೀಳುವುದರಿಂದ ಉತ್ತರ ಕಡಿಮೆ ಬರುತ್ತದೆ, ಇದರಲ್ಲಿ ಶಿಖರವೇ ಆ ಜಾಗದ ಪಕ್ಕ ಇರುವುದರಿಂದ ಹೆಚ್ಚು ಬರುತ್ತದೆ. 8ರಿಂದ 1000 ಮೈಕ್ರಾನ್‌ವರೆಗಿನ ಒಟ್ಟು ಬೆಳಕಿಗೆ ನೇರಳಾತೀತವನ್ನು ಕೂಡಿಸಿಕೊಳ್ಳುವ ಕೋಷ್ಟಕ ಅರ್ಧ ಆಗಿದೆ. 70 ಮೈಕ್ರಾನ್ ಸಾಲಿನ ಕಲರ್ ಕರೆಕ್ಷನ್ (ರೋಹಿತದ ಆಕಾರಕ್ಕೆ ತಕ್ಕಂತೆ ಫಿಲ್ಟರ್ ಅಳತೆಯ ತಿದ್ದುಪಡಿ) ಬಾಕಿ.