608 ಪರೀಕ್ಷೆ ಎಲ್ಲಿ ಬರೆಯಬೇಕು?

ಐಟಿಐನಲ್ಲಿ ಫ್ರಿಜ್-ಎಸಿ ಟ್ರೇಡ್ ಮುಗಿಸಿ ಅಮೆರಿಕಕ್ಕೆ ಬಂದವರು, ವರ್ಕ್ ಪರ್ಮಿಟ್ ಕೈಗೆ ಸಿಕ್ಕ ಮೇಲೆ ಹೊಸ ಕಸುಬು ಹುಡುಕುತ್ತಿರುವವರು, ಎರಡು-ಮೂರು ಬಾಡಿಗೆ ಮನೆ ಇಟ್ಟುಕೊಂಡು ಎಸಿ ರಿಪೇರಿಯನ್ನು ತಾವೇ ಮಾಡಿಕೊಳ್ಳಲು ಹೊರಟವರು, ಎಲ್ಲರೂ ಕೇಳುವ ಪ್ರಶ್ನೆ ಇದು: ಎಸಿ-ಫ್ರಿಜ್ಜಿನ ಗ್ಯಾಸ್ ಕೆಲಸಕ್ಕೆ ಬೇಕಾದ 608 ಪ್ರಮಾಣಪತ್ರದ ಪರೀಕ್ಷೆಯನ್ನು ಕಾಲೇಜಿನಲ್ಲಿ ಬರೆಯಬೇಕೋ, ಆನ್‌ಲೈನಲ್ಲೋ, ಅಥವಾ ಎಸಿ ಸಾಮಾನು ಮಾರುವ ಸಪ್ಲೈ ಹೌಸಿನಲ್ಲೋ?

ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಮಾನ್ಯತೆ ಇರುವ ಸಂಸ್ಥೆಯ ಪರೀಕ್ಷೆಯಾಗಿದ್ದರೆ ಎಲ್ಲಿ ಬರೆದರೂ ಸಿಗುವ ಪ್ರಮಾಣಪತ್ರದ ಕಾರ್ಡಿಗೆ ಇರುವ ಮಾನ್ಯತೆ ಒಂದೇ. ಹಾಗಾಗಿ ಜಾಗಕ್ಕಿಂತ ಮೊದಲು ನೋಡಬೇಕಾದದ್ದು ಯಾವ ಟೈಪ್ ಬೇಕು, ಪರೀಕ್ಷೆ ಪುಸ್ತಕ ಮುಚ್ಚಿ ಬರೆಯುವಂಥದ್ದೋ ಅಲ್ಲವೋ, ಹತ್ತು ವರ್ಷದ ನಂತರ ಕಾರ್ಡ್ ಕಳೆದುಹೋದರೆ ದಾಖಲೆ ಯಾರ ಬಳಿ ಇರುತ್ತದೆ ಎಂಬುದನ್ನು. ಹೆಚ್ಚಿನವರು ಇದನ್ನೆಲ್ಲ ಬಿಟ್ಟು ಶುಲ್ಕ ಎಲ್ಲಿ ಕಡಿಮೆ ಎಂದು ಹುಡುಕುತ್ತಾರೆ.

ಕ್ಲೀನ್ ಏರ್ ಆ್ಯಕ್ಟ್‌ನ 608ನೇ ಸೆಕ್ಷನ್ ಪ್ರಕಾರ, ಗ್ಯಾಸ್ ಹೊರಬರುವ ಸಾಧ್ಯತೆ ಇರುವಂತೆ ಎಸಿ ಅಥವಾ ಫ್ರಿಜ್ ಬಿಚ್ಚುವವರಿಗೆ 1994ರ ನವೆಂಬರ್ 14ರಿಂದ ಈ ಪ್ರಮಾಣಪತ್ರ ಕಡ್ಡಾಯ. ಪರೀಕ್ಷೆಯನ್ನು ಇಪಿಎ ತಾನೇ ನಡೆಸುವುದಿಲ್ಲ, ನಡೆಸುವ ಸಂಸ್ಥೆಗಳಿಗೆ ಮಾನ್ಯತೆ ಕೊಡುತ್ತದೆ ಅಷ್ಟೇ. ಎಸ್ಕೊ ಇನ್‌ಸ್ಟಿಟ್ಯೂಟ್, ಮೇನ್‌ಸ್ಟ್ರೀಮ್ ಎಂಜಿನಿಯರಿಂಗ್‌ನಂಥ ಹೆಸರುಗಳು ಆ ಪಟ್ಟಿಯಲ್ಲಿವೆ. ಕಮ್ಯುನಿಟಿ ಕಾಲೇಜು, ಸಪ್ಲೈ ಹೌಸು ಬಹಳ ಸಲ ಬರೀ ಪರೀಕ್ಷೆ ನಡೆಯುವ ಜಾಗ. ಪ್ರಶ್ನೆಪತ್ರಿಕೆಯೂ ಕಾರ್ಡೂ ಹಿಂದಿರುವ ಸಂಸ್ಥೆಯದು. ದುಡ್ಡು ಕಟ್ಟುವ ಮೊದಲು "ಕಾರ್ಡಿನ ಮೇಲೆ ಯಾರ ಹೆಸರು ಬರುತ್ತದೆ?" ಎಂದು ಕೇಳಿ, ಆ ಹೆಸರನ್ನು ಇಪಿಎ ಜಾಲತಾಣದ ಪಟ್ಟಿಯಲ್ಲಿ ಹುಡುಕಿ. "ಇಪಿಎ ಮಾನ್ಯತೆ ಪಡೆದ ತರಬೇತಿ" ಎಂದು ಜಾಹೀರಾತು ಹಾಕಿದವರನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಈ ಪರೀಕ್ಷೆಗೆ ತಯಾರು ಮಾಡುವ ತರಗತಿಗಳಿಗೆ ಇಪಿಎ ಮಾನ್ಯತೆ ಎಂಬುದೇ ಇಲ್ಲ, ಇರುವುದು ಪರೀಕ್ಷೆಗೆ ಮಾತ್ರ.

ಇನ್ನು ಟೈಪ್. ಎಲ್ಲರೂ ಬರೆಯಲೇಬೇಕಾದ ಕೋರ್ ಭಾಗದಲ್ಲಿ 25 ಪ್ರಶ್ನೆ, ಆಮೇಲೆ ಟೈಪ್ 1, 2, 3ಕ್ಕೆ ತಲಾ 25. ನಾಲ್ಕನ್ನೂ ಪಾಸು ಮಾಡಿದರೆ ಯೂನಿವರ್ಸಲ್. ಒಟ್ಟು ಅಂಕದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರತಿ ಭಾಗದಲ್ಲೂ ಬೇರೆಬೇರೆಯಾಗಿ 70 ಶೇಕಡಾ, ಅಂದರೆ 25ಕ್ಕೆ 18 ಸರಿಯಿರಬೇಕು. ಕೋರ್‌ನಲ್ಲಿ 17 ಬಂದು ಉಳಿದ ಮೂರರಲ್ಲಿ 25ಕ್ಕೆ 25 ಬಂದರೂ ಕಾರ್ಡ್ ಇಲ್ಲ.

ಟೈಪ್ 1 ಸಣ್ಣ ಉಪಕರಣಗಳಿಗೆ: ಕಾರ್ಖಾನೆಯಲ್ಲೇ ಗ್ಯಾಸ್ ತುಂಬಿ ಸೀಲ್ ಮಾಡಿದ, 5 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಗ್ಯಾಸ್ ಇರುವ ಮನೆ ಫ್ರಿಜ್, ಕಿಟಕಿ ಎಸಿ, ವಾಟರ್ ಕೂಲರ್, ವೆಂಡಿಂಗ್ ಮಷೀನ್. ಎಡವುವುದು ಇಲ್ಲೇ. "ಮನೆ ಎಸಿ ತಾನೇ, ಗ್ಯಾಸೂ 5 ಪೌಂಡ್ ಒಳಗೇ ಇದೆ, ಟೈಪ್ 1 ಸಾಕು" ಎಂದುಕೊಳ್ಳುತ್ತಾರೆ. ಆದರೆ ಸ್ಪ್ಲಿಟ್ ಎಸಿಯ ತಾಮ್ರದ ಪೈಪನ್ನು ಜೋಡಿಸುವುದು ಮನೆಯಲ್ಲಿ, ಕಾರ್ಖಾನೆಯಲ್ಲಲ್ಲ. ಹಾಗಾಗಿ ಸೆಂಟ್ರಲ್ ಎಸಿ, ಮಿನಿ ಸ್ಪ್ಲಿಟ್, ಮನೆಯನ್ನು ಬಿಸಿಯೂ ಮಾಡುವ ಸ್ಪ್ಲಿಟ್ ಹೀಟ್ ಪಂಪ್ ಎಲ್ಲವೂ ಟೈಪ್ 2. ಟೈಪ್ 3 ದೊಡ್ಡ ಕಟ್ಟಡಗಳನ್ನು ತಂಪಾಗಿಸುವ, ಕಡಿಮೆ ಒತ್ತಡದ ಚಿಲ್ಲರ್‌ಗಳಿಗೆ. ಕಾರಿನ ಎಸಿ ಇದರೊಳಗೆ ಬರುವುದೇ ಇಲ್ಲ, ಅದಕ್ಕೆ 609 ಎಂಬ ಬೇರೆ ಪ್ರಮಾಣಪತ್ರ. ಕೆಲಸ ಹುಡುಕುವವರು ಸುಮ್ಮನೆ ಯೂನಿವರ್ಸಲ್‌ಗೇ ಕೂರುವುದು ಲೇಸು, ಚಿಲ್ಲರ್ ಮುಖ ನೋಡದಿದ್ದರೂ.

ಅಗ್ಗದ ಆನ್‌ಲೈನ್ ಪರೀಕ್ಷೆಯ ಕೊಕ್ಕೆಯೂ ಟೈಪ್ 1ರಲ್ಲೇ ಇದೆ. ಟೈಪ್ 1 ಒಂದನ್ನು ಮಾತ್ರ (ಅದರ ಜೊತೆಗಿನ ಕೋರ್ ಸಹಿತ) ಮೇಲ್ವಿಚಾರಕರಿಲ್ಲದೆ, ಪುಸ್ತಕ ತೆರೆದಿಟ್ಟುಕೊಂಡು ಬರೆಯಲು ಅವಕಾಶ ಉಂಟು. ಅದಕ್ಕೆ ಪಾಸಾಗುವ ಅಂಕ 84 ಶೇಕಡಾ, 25ಕ್ಕೆ 21. ಆದರೆ ಹಾಗೆ ಬರೆದ ಕೋರ್ ಮುಂದೆ ಟೈಪ್ 2ಕ್ಕಾಗಲಿ ಯೂನಿವರ್ಸಲ್‌ಗಾಗಲಿ ಸಲ್ಲುವುದಿಲ್ಲ. ಮೇಲ್ವಿಚಾರಕರ ಎದುರು ಕೋರ್ ಮತ್ತೆ ಬರೆಯಬೇಕು. "ಮನೆಯಲ್ಲೇ ಕೂತು ಅರ್ಧ ದಿನದಲ್ಲಿ ಕಾರ್ಡ್" ಎಂಬುದು ಹೆಚ್ಚಾಗಿ ಈ ಬಗೆಯದು. ಫ್ರಿಜ್ ರಿಪೇರಿ ಮಾತ್ರ ಮಾಡುವವರಿಗೆ ಅಡ್ಡಿಯಿಲ್ಲ, ಉಳಿದವರಿಗೆ ಎರಡು ಖರ್ಚು.

ಜಾಗದ ವಿಷಯಕ್ಕೆ ಬಂದರೆ, ಸ್ವಂತವಾಗಿ ಓದುವ ಅಭ್ಯಾಸ ತಪ್ಪಿದವರಿಗೆ ಸಪ್ಲೈ ಹೌಸಿನ ಒಂದು ದಿನದ ತರಗತಿ ಒಳ್ಳೆಯದು. ಬೆಳಗ್ಗೆ ಪಾಠ, ಮಧ್ಯಾಹ್ನ ಪರೀಕ್ಷೆ. ಶುಲ್ಕದಲ್ಲಿ ಪುಸ್ತಕ ಸೇರಿದೆಯೋ, ಫೇಲಾದ ಭಾಗವನ್ನು ಮತ್ತೆ ಬರೆಯಲು ಎಷ್ಟು, ಮುಂದಿನ ಪರೀಕ್ಷೆ ಯಾವಾಗ ಎಂದು ಮೊದಲೇ ವಿಚಾರಿಸಿ. ಮರುಪರೀಕ್ಷೆಯ ನಿಯಮ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಕಾಗದದ ಉತ್ತರ ಹಾಳೆಯಾದರೆ ಅದು ಅಂಚೆಯಲ್ಲಿ ಹೋಗಿ ಫಲಿತಾಂಶ ಬರುವವರೆಗೆ ಕಾಯಬೇಕು, ಕಂಪ್ಯೂಟರಿನಲ್ಲಾದರೆ ಅಲ್ಲೇ ಗೊತ್ತಾಗುತ್ತದೆ. ಸೋಮವಾರದಿಂದಲೇ ಕೆಲಸಕ್ಕೆ ಬಾ ಎಂದಿದ್ದರೆ ಈ ವ್ಯತ್ಯಾಸ ದೊಡ್ಡದೇ. ಕಾಲೇಜಿನ ಪೂರ್ತಿ ಕೋರ್ಸು ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಿಡಿದೇ ಇಲ್ಲದವರಿಗೆ ಬೇಕು. ಈ ಪರೀಕ್ಷೆಯೊಂದಕ್ಕಾಗಿ ಸೆಮಿಸ್ಟರ್ ಶುಲ್ಕ ಕಟ್ಟುವುದು ದಂಡ.

ವೆಬ್‌ಕ್ಯಾಮ್ ಮೂಲಕ ಮೇಲ್ವಿಚಾರಕರು ನೋಡುತ್ತಿರುವ ಆನ್‌ಲೈನ್ ಪರೀಕ್ಷೆ ಯೂನಿವರ್ಸಲ್‌ಗೂ ನಡೆಯುತ್ತದೆ. ಅದರಲ್ಲಿ ಕೆಡುವುದು ಓದಿನಿಂದಲ್ಲ, ಏರ್ಪಾಡಿನಿಂದ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಮೇಲ್ವಿಚಾರಣೆಯ ತಂತ್ರಾಂಶ ಹಾಕಲು ಅನುಮತಿ ಇರುವುದಿಲ್ಲ. ಎರಡನೇ ಮಾನಿಟರ್ ತೆಗೆಯಬೇಕು, ಕೋಣೆಯನ್ನು ಸುತ್ತಲೂ ತೋರಿಸಬೇಕು, ನಡುವೆ ಯಾರೂ ಬಾಗಿಲು ತೆರೆಯಬಾರದು. ಪ್ರಶ್ನೆಯನ್ನು ಬಾಯಲ್ಲಿ ಹೇಳಿಕೊಂಡು ಓದುವ ಅಭ್ಯಾಸ ನಮ್ಮವರಲ್ಲಿ ಅನೇಕರಿಗಿದೆ; ಕ್ಯಾಮೆರಾದ ಆಚೆಗಿರುವವರಿಗೆ ಅದು ಯಾರೊಡನೆಯೋ ಮಾತಾಡಿದಂತೆ ಕಾಣುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹೊರಗಿನ ಕೇಂದ್ರವೇ ವಾಸಿ.

ಜಾಗ ಯಾವುದೇ ಇರಲಿ, ಹೆಸರಿನ ಬಗ್ಗೆ ಎಚ್ಚರ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುವ ನಮ್ಮ ಹೆಸರುಗಳು ಪಾಸ್‌ಪೋರ್ಟಿನಲ್ಲಿ ಒಂದು ಥರ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ಥರ ಇರುತ್ತವೆ. ಕೆಲವರ ಗುರುತಿನ ಚೀಟಿಯಲ್ಲಂತೂ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದೇ ಅಚ್ಚಾಗಿರುತ್ತದೆ. ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ ನೋಂದಾಯಿಸಿ.

ಓದುವಾಗ ಪುಸ್ತಕ ಯಾವ ವರ್ಷದ್ದು ಎಂದು ನೋಡಿ. ಸ್ನೇಹಿತರಿಂದ ಸ್ನೇಹಿತರಿಗೆ ಓಡಾಡುವ ಹಳೆಯ ಪಿಡಿಎಫ್‌ಗಳಲ್ಲಿ ಸೋರಿಕೆಯ ಮಿತಿ 35 ಮತ್ತು 15 ಶೇಕಡಾ ಎಂದಿದ್ದರೆ ಬಿಸಾಡಿ. ಓಝೋನ್ ಕೆಡಿಸುವ ಗ್ಯಾಸ್ 50 ಪೌಂಡ್ ಅಥವಾ ಹೆಚ್ಚು ಇರುವ ಯಂತ್ರಗಳಿಗೆ 2019ರಿಂದ ಈ ಮಿತಿ ಕೈಗಾರಿಕಾ ಪ್ರಕ್ರಿಯೆಗೆ 30, ವಾಣಿಜ್ಯ ಶೈತ್ಯೀಕರಣಕ್ಕೆ 20, ಕಟ್ಟಡದ ಎಸಿಗೆ 10 ಶೇಕಡಾ. ಬಾಯಿಪಾಠ ಮಾಡಲೇಬೇಕಾದ ಇನ್ನು ಕೆಲವು ಅಂಕಿಗಳು: 1993ರ ನವೆಂಬರ್ 15ರ ನಂತರ ತಯಾರಾದ ರಿಕವರಿ ಮಷೀನಿನಿಂದ ಸಣ್ಣ ಉಪಕರಣದ ಗ್ಯಾಸ್ ತೆಗೆಯುವಾಗ, ಕಂಪ್ರೆಸರ್ ಓಡುತ್ತಿದ್ದರೆ 90 ಶೇಕಡಾ, ಕೆಟ್ಟಿದ್ದರೆ 80 ಶೇಕಡಾ ಗ್ಯಾಸ್ ಹೊರಬರಬೇಕು. ರಿಕವರಿ ಸಿಲಿಂಡರನ್ನು 80 ಶೇಕಡಾ ಮೀರಿ ತುಂಬಬಾರದು, ಏಕೆಂದರೆ ಬಿಸಿಗೆ ದ್ರವ ಹಿಗ್ಗಲು ಜಾಗ ಬೇಕು. ಕಡಿಮೆ ಒತ್ತಡದ ಚಿಲ್ಲರ್‌ನ ರಪ್ಚರ್ ಡಿಸ್ಕ್ (ಒತ್ತಡ ಮೀರಿದರೆ ಒಡೆಯುವ ಸುರಕ್ಷತಾ ಬಿಲ್ಲೆ) ಒಡೆಯುವುದು 15 ಪಿಎಸ್‌ಐ ಒತ್ತಡಕ್ಕೆ, ಆದ್ದರಿಂದ ಸೋರಿಕೆ ಪರೀಕ್ಷೆಗೆ 10 ದಾಟಿಸಬಾರದು. ಪುಸ್ತಕ ಮುಚ್ಚಿದ ಪರೀಕ್ಷೆಯಲ್ಲೂ ಒತ್ತಡ-ಉಷ್ಣತೆಯ ಚಾರ್ಟ್ ಇಟ್ಟುಕೊಳ್ಳಬಹುದು. ಚಾರ್ಟ್ ಫ್ಯಾರನ್‌ಹೀಟಿನಲ್ಲಿರುತ್ತದೆ, ಓದಿ ರೂಢಿ ಮಾಡಿಕೊಳ್ಳಿ.

ಅನುಭವಸ್ಥರು ಕೋರ್‌ನಲ್ಲಿ ಬೀಳುವುದಕ್ಕೆ ಕಾರಣವೇ ಬೇರೆ. ನಟ್ ಸಡಿಲಿಸಿ ಗ್ಯಾಸನ್ನು ಗಾಳಿಗೆ ಬಿಟ್ಟೇ ಕೆಲಸ ಕಲಿತವರಿಗೆ, ಓಝೋನ್ ಕೆಡಿಸುವ ಗ್ಯಾಸನ್ನು ಹಾಗೆ ಬಿಡುವುದು ಇಲ್ಲಿ 1992ರ ಜುಲೈ 1ರಿಂದಲೇ ನಿಷಿದ್ಧ, ಓಝೋನ್ ಕೆಡಿಸದ ಎಚ್‌ಎಫ್‌ಸಿ ಗ್ಯಾಸಿಗೂ 1995ರಿಂದ ಅದೇ ನಿಯಮ ಎಂಬುದು ಕೈಗೆ ಇಳಿದಿರುವುದಿಲ್ಲ. ಐಟಿಐ ಸರ್ಟಿಫಿಕೇಟು ತೋರಿಸಿ ಪರೀಕ್ಷೆ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಆದರೆ ಪರೀಕ್ಷೆಗೆ ಕೂರಲು ಯಾವ ಡಿಪ್ಲೊಮಾವೂ ಬೇಕಿಲ್ಲ.

608 ಕಾರ್ಡ್ ಗುತ್ತಿಗೆದಾರನ ಲೈಸೆನ್ಸ್ ಅಲ್ಲ ಎಂಬುದೂ ನೆನಪಿರಲಿ. ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಹೆಸರಿನಲ್ಲಿ ಎಸಿ ಗುತ್ತಿಗೆ ಹಿಡಿಯಲು ಸಿ-20 ಲೈಸೆನ್ಸ್ ಬೇಕು, ಟೆಕ್ಸಾಸ್‌ಗೆ ಅದರದೇ ರಾಜ್ಯ ಲೈಸೆನ್ಸ್ ಇದೆ.

ಈ ಕಾರ್ಡಿಗೆ ಅವಧಿ ಮುಗಿಯುವುದೆಂಬುದಿಲ್ಲ, ನವೀಕರಣವಿಲ್ಲ. ಅದರಿಂದಲೇ ದಾಖಲೆಯ ಪ್ರಶ್ನೆ ಬರುವುದು. ಯಾರು ಪಾಸಾದರು ಎಂಬ ಪಟ್ಟಿಯನ್ನು ಇಪಿಎ ಇಟ್ಟುಕೊಳ್ಳುವುದಿಲ್ಲ. ಕಾರ್ಡ್ ಕಳೆದರೆ ಪರೀಕ್ಷೆ ನಡೆಸಿದ ಸಂಸ್ಥೆಯನ್ನೇ ಕೇಳಬೇಕು, ಅದರ ಹೆಸರೇ ಮರೆತಿದ್ದರೆ ಅಥವಾ ದಾಖಲೆ ಸಿಗದೇ ಹೋದರೆ ಪರೀಕ್ಷೆ ಮತ್ತೆ ಬರೆಯುವುದೇ ಗತಿ. ಶುಲ್ಕದಲ್ಲಿ ಹತ್ತಿಪ್ಪತ್ತು ಡಾಲರ್ ವ್ಯತ್ಯಾಸ ಇದ್ದರೂ ಬಹಳ ವರ್ಷದಿಂದ ಇರುವ, ಜಾಲತಾಣದಲ್ಲಿ ಹೆಸರು ಹಾಕಿ ಪ್ರಮಾಣಪತ್ರ ಪರಿಶೀಲಿಸಲು ಬರುವ ಸಂಸ್ಥೆಯನ್ನೇ ಹಿಡಿಯಿರಿ. ಕಾರ್ಡ್ ಬಂದ ದಿನವೇ ಎರಡೂ ಬದಿಯ ಫೋಟೊ ತೆಗೆದು, ಸಂಸ್ಥೆಯ ಹೆಸರು ಮತ್ತು ಕಾರ್ಡಿನ ಸಂಖ್ಯೆಯೊಡನೆ ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ. ಆಫೀಸಿನ ಇಮೇಲ್ ಬೇಡ, ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ.